ಲೇಖನಿಗೆ ತಕ್ಕ ಮರದ ತುಂಡು

ವಿದ್ಯಾರ್ಜನೆಯ ಸಾಧನಗಳಲ್ಲಿ ಲೇಖನಿಯು ಅಗ್ರಗಣ್ಯವಾದುದು. ಆದರೂ ಅದು ಯಾವ ದ್ರವ್ಯದಿಂದ, ಯಾವ ಅಳತೆಯಿಂದ, ಯಾರ ಕೈಯಿಂದ ಹುಟ್ಟಿತೆಂಬುದನ್ನು ವಿಚಾರಿಸುವವರು ವಿರಳ. ಕನ್ನಡ ನಾಡಿನ ಹಿಂದಿನ ಲಿಪಿಕಾರರು ಓಲೆಗರಿಯ ಮೇಲೆ ಬರೆಯಲು ಬಳಸುತ್ತಿದ್ದ ಕಬ್ಬಿಣದ ಸಾಧನಕ್ಕೆ ಕಂಟವೆಂದು ಹೆಸರು. ಮುಳ್ಳೆಂಬ ಅರ್ಥದ ಕಂಟಕ ಶಬ್ದವು ಇದರ ನೆರೆಯದು. ಕಂಟದಿಂದ ಗರಿಯನ್ನು ಗೀರಿ, ಗೀರಿದೆಡೆಗೆ ಮಸಿಯನ್ನು ತೊಡೆದು ಅಕ್ಷರವನ್ನು ಕಾಣಿಸುತ್ತಿದ್ದರು. ಶಾಯಿಯಲ್ಲಿ ಅದ್ದಿ ಬರೆಯುವ ಲಾಳದ ಕಡ್ಡಿಗೆ ಲೆಕ್ಕಣಿಕೆಯೆಂಬ ಹೆಸರು ರೂಢಿಯಲ್ಲಿದ್ದಿತು. ಇದು ಸಂಸ್ಕೃತದ ಲೇಖನೀ ಶಬ್ದದ ತದ್ಭವ. ಮುಂದೆ ಲೋಹದ ನಿಬ್ಬು ಬಂದಾಗ ಜನರು ಅದನ್ನು ಪುನಃ ಮುಳ್ಳೆಂದೇ ಕರೆದರು. ವಸ್ತುವು ಬದಲಾದರೂ ಕಂಟದ ಅರ್ಥವು ಜನರ ನಾಲಗೆಯಲ್ಲಿ ಉಳಿದುಬಂದುದು ವಿನೋದಕರವಾಗಿದೆ.

ಇದೇ ರೀತಿ ವಿಚಾರಾರ್ಹವಾದ ಇನ್ನೊಂದು ಮಾತು 'ಕಡೆ' ಎಂಬ ಧಾತು. ಮೊಸರನ್ನು ಕಡೆಯುವುದು, ವಿಗ್ರಹವನ್ನು ಕಡೆಯುವುದು, ಮರವನ್ನು ತಿರುಗಣಿಗೆ ಕೊಟ್ಟು ದುಂಡಗೆ ಕಡೆಯುವುದು, ಈ ಮೂರಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದ. ಈಗ ಲೇತೆಂದು ಕರೆಯುವ ಯಂತ್ರಕ್ಕೆ ಹಳೆಯ ಕನ್ನಡ ಹೆಸರು ಕಡಸಲು. ಹಿಂದಿನ ಕಡಸಲಿಗೆ ಹಗ್ಗವನ್ನೋ ತೊಗಲಿನ ಪಟ್ಟಿಯನ್ನೋ ಸುತ್ತಿ ಒಬ್ಬನು ಎರಡೂ ತುದಿಗಳನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದನು. ಇನ್ನೊಬ್ಬನು ಉಳಿಯನ್ನು ಹಿಡಿಯುತ್ತಿದ್ದನು. ಮಂತಿಗೆ ಹಗ್ಗ ಸುತ್ತಿ ಮೊಸರು ಕಡೆಯುವುದನ್ನು ಬಲ್ಲ ಗೃಹಿಣಿಗೆ ಈ ಯಂತ್ರದ ಚಲನೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎರಡು ಕೆಲಸಗಳಿಗೆ ಒಂದೇ ಮಾತು ಸಂದಿರುವುದರ ಔಚಿತ್ಯವು ಇಲ್ಲಿ ತಾನಾಗಿ ಕಾಣುತ್ತದೆ.

ಕಡೆಯುವ ಕೆಲಸದಲ್ಲಿ ಮೊದಲು ಆರಿಸಿಕೊಂಡ ತುಂಡಿನ ಅಳತೆಯೇ ಮುಂದಿನ ಸಮಸ್ತವನ್ನೂ ನಿರ್ಣಯಿಸುತ್ತದೆಂಬ ಪಾಠವನ್ನು ಕಲಿಯಲು ಶಿವಮೊಗ್ಗದವರು ದೂರ ಹೋಗಬೇಕಾಗಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯದಲ್ಲಿ ಕಡೆದು ನುಣುಪುಗೊಳಿಸಿದ ಕಂಬಗಳಿವೆ. ಇಂಥ ಕಂಬಗಳಿಗೆ ಒದಗಿದುದು ಬಳಪದ ಕಲ್ಲು. ಶಾಲೆಯ ಬಾಲಕನು ಹಲಗೆಯ ಮೇಲೆ ಅಕ್ಷರ ತಿದ್ದಿದ ಬಳಪವೂ ಕಡತಗಳಲ್ಲಿ ಲೆಕ್ಕ ಬರೆದ ಬಳಪವೂ ಇದೇ ಜಾತಿಯ ಕಲ್ಲು. ಗಣಿಯಿಂದ ಬಂದಾಗ ಮೃದುವಾಗಿದ್ದು ಉಳಿಗೆ ಒಗ್ಗುವುದು ಇದರ ಗುಣ. ಅಷ್ಟು ಭಾರದ ಕಲ್ಲನ್ನು ಯಾವ ವಿಧಾನದಿಂದ ತಿರುಗಿಸಿದರೆಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಅದೇನೇ ಇರಲಿ, ಕಂಬದ ಬುಡದಲ್ಲಿ ಚೌಕವಾಗಿ ಉಳಿದ ಭಾಗವನ್ನು ಗಮನಿಸಿದವರಿಗೆ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಆ ಚೌಕವೇ ಮೂಲ ಶಿಲೆಯ ಅಗಲದ ಸಾಕ್ಷಿ. ಅದರ ಮೇಲಿನ ಬಳೆಗಳೂ ಗಂಟೆಯಾಕಾರದ ಉಬ್ಬುಗಳೂ ಆ ಚೌಕದ ಒಳಗೆ ಅಡಗುವ ವೃತ್ತವನ್ನು ಮೀರಿ ಹೊರಚಾಚಲಾರವು. ಶಿಲ್ಪಿಯ ಕಲ್ಪನೆಯು ಎಷ್ಟೇ ವಿಶಾಲವಾಗಿರಲಿ, ಕಲ್ಲಿನ ಅಗಲವನ್ನು ಗೊತ್ತುಮಾಡಿದ ದಿನವೇ ಅದಕ್ಕೆ ಎಲ್ಲೆಯು ಬಿದ್ದಿತ್ತು.

ಲೇಖನಿಯ ವಿಷಯದಲ್ಲಿಯೂ ಹೀಗೆಯೇ. ಶಿವಮೊಗ್ಗ ನಗರದ ರಾಗಿಗುಡ್ಡದಂತಹ ಬಡಾವಣೆಯ ಮಕ್ಕಳಿಗೆ ಕೈಕಸುಬನ್ನು ಕಲಿಸಹೊರಟ ಅಧ್ಯಾಪಕರಿಗೆ ಮರದ ಪೆನ್ನಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ. ಸಣ್ಣ ಲೇತು, ಒಂದು ಬೈರಿಗೆ, ಮೂರು ಉಳಿ, ಅಂಗಡಿಯಲ್ಲಿ ಸಿಕ್ಕುವ ಹಿತ್ತಾಳೆ ಕೊಳವೆ ಮತ್ತು ರೀಫಿಲ್ಲಿನ ಬಿಡಿಭಾಗಗಳು, ಇಷ್ಟಿದ್ದರೆ ಕೆಲಸವು ಸಾಗುತ್ತದೆ. ಮರಕ್ಕೆ ಮಲೆನಾಡಿನ ಸೆರಗಿನಲ್ಲಿ ಕೊರತೆಯಿಲ್ಲವೆಂದು ಹೇಳುವುದು ವಾಡಿಕೆ. ಆದರೆ ಇಂದು ಯೋಗ್ಯವಾದ ಮರವು ಸುಲಭವಾಗಿ ಸಿಕ್ಕುವುದು ಹಸಿ ಕಾಡಿನಿಂದಲ್ಲ, ಕಳಚಿ ಬೀಳುತ್ತಿರುವ ಹಳೆಯ ಮನೆಗಳಿಂದ. ಅಜ್ಜನ ಕಾಲದ ತೊಟ್ಟಿಮನೆಯನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸುವವರು ಜಂತಿ ತೊಲೆಗಳನ್ನೂ ಕಂಬಗಳನ್ನೂ ಬಂದ ಬೆಲೆಗೆ ಮಾರುತ್ತಾರೆ, ಇಲ್ಲವೇ ಒಲೆಗೆ ಹಾಕುತ್ತಾರೆ. ಅಂತಹ ಒಂದು ಕಂಬವನ್ನು ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ದಾನವಾಗಿ ಕೊಟ್ಟರೆಂದು ಭಾವಿಸೋಣ. ಒಮ್ಮೆ ಗರಗಸ ಹಾಕಿದ ಮೇಲೆ ಅದು ಪುನಃ ಕಂಬವಾಗದು. ಆದುದರಿಂದ ಎಷ್ಟು ದಪ್ಪದ, ಎಷ್ಟು ಉದ್ದದ ತುಂಡುಗಳನ್ನಾಗಿ ಸೀಳಬೇಕೆಂಬ ಪ್ರಶ್ನೆಯು ಗರಗಸಕ್ಕೆ ಮುಂಚೆ ಬಗೆಹರಿಯತಕ್ಕದ್ದು.

ಪೆನ್ನಿನ ರಚನೆಯನ್ನು ಅರಿತಲ್ಲದೆ ತುಂಡಿನ ಅಳತೆಯು ತಿಳಿಯದು. ಮಕ್ಕಳು ಮೊದಲು ಮಾಡುವುದು ತಿರುವಿದರೆ ರೀಫಿಲ್ಲು ಹೊರಬರುವ ತೆಳು ಪೆನ್ನನ್ನು. ಇದರ ಒಡಲು ಎರಡು ಭಾಗ. ಪ್ರತಿ ಭಾಗದೊಳಗೂ ಸುಮಾರು 53 ಮಿಲಿಮೀಟರ್ ಉದ್ದದ, 7 ಮಿಲಿಮೀಟರ್ ಹೊರವ್ಯಾಸದ ಹಿತ್ತಾಳೆ ಕೊಳವೆಯಿರುತ್ತದೆ. ಮರದ ತುಂಡಿಗೆ ಉದ್ದುದ್ದವಾಗಿ ತೂತು ಕೊರೆದು, ಕೊಳವೆಯನ್ನು ಮರಳು ಕಾಗದದಿಂದ ಒರಟು ಮಾಡಿ, ಅಂಟು ಹಚ್ಚಿ ಒಳಗೆ ಕೂಡಿಸುತ್ತಾರೆ. ಅಂಟು ಆರಿದ ಮೇಲೆ ತುದಿಗಳನ್ನು ಕೊಳವೆಗೆ ನೆಟ್ಟಗೆ ಮೂಲೆಮಟ್ಟಕ್ಕೆ ಸರಿಯಾಗಿ ಕತ್ತರಿಸಿ, ಕೊಳವೆಯೊಳಗೆ ಉಕ್ಕಿನ ಕಡ್ಡಿಯನ್ನು ತೂರಿಸಿ ಲೇತಿಗೆ ಏರಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಎರಡು ಬಾರಿ ಹೇಳಿದರೂ ತಪ್ಪಿಲ್ಲ. ಲೇತಿನ ಮೇಲೆ ತುಂಡು ತಿರುಗುವುದು ಮರದ ನಡುವಿನ ಸುತ್ತ ಅಲ್ಲ, ತೂತಿನ ನಡುವಿನ ಸುತ್ತ. ಬೈರಿಗೆಯು ಎತ್ತ ಸರಿಯಿತೋ ಅಕ್ಷವೂ ಅತ್ತ ಸರಿಯುತ್ತದೆ. ಮರದ ತುಂಡು ಹೊರಗಿನಿಂದ ಎಷ್ಟು ಚೆಂದದ ಚೌಕವಾಗಿದ್ದರೂ ತೂತು ಒಂದು ಬದಿಗೆ ವಾಲಿದ್ದರೆ ಆ ಬದಿಯಲ್ಲಿ ಉಳಿಯು ಬೇಗನೆ ಹಿತ್ತಾಳೆಯನ್ನು ಮುಟ್ಟುತ್ತದೆ.

ಉದ್ದದ ಲೆಕ್ಕವು ಸುಲಭ. ಕೊಳವೆ 53 ಮಿಲಿಮೀಟರ್. ಎರಡೂ ತುದಿಗಳನ್ನು ಒಪ್ಪ ಮಾಡುವಾಗ ಹೋಗುವ ಭಾಗವು ತುದಿಗೆ ಒಂದೂವರೆಯಂತೆ 3. ಬೈರಿಗೆಯು ಮರವನ್ನು ತೂರಿಕೊಂಡು ಆಚೆ ಹೊರಡುವಾಗ ಎಳೆಗಳನ್ನು ಕಿತ್ತು ಚಕ್ಕೆ ಎಬ್ಬಿಸುತ್ತದೆ. ಆದುದರಿಂದ ಕೊನೆಯ 6 ಮಿಲಿಮೀಟರನ್ನು ಪೂರ್ತಿ ಕೊರೆಯದೆ ಬಿಟ್ಟು, ಆ ಭಾಗವನ್ನು ಆಮೇಲೆ ಗರಗಸದಿಂದ ತೆಗೆಯುವುದು ಜಾಣತನ. ಹೀಗೆ ಒಂದು ಭಾಗಕ್ಕೆ 62, ಎರಡಕ್ಕೆ 124, ನಡುವೆ ಗರಗಸದ ಹಲ್ಲು ತಿನ್ನುವ ದಾರಿ 3; ಒಟ್ಟು 127 ಮಿಲಿಮೀಟರ್. ಇದು ಸರಿಯಾಗಿ ಐದು ಇಂಚು. ಪರದೇಶಗಳ ಅಂಗಡಿಗಳಲ್ಲಿ ಪೆನ್ನಿನ ತುಂಡನ್ನು ಐದಿಂಚು ಉದ್ದ, ಮುಕ್ಕಾಲಿಂಚು ದಪ್ಪಕ್ಕೆ ಮಾರುವ ವಾಡಿಕೆಯು ಈ ಲೆಕ್ಕಕ್ಕೆ ಚೆನ್ನಾಗಿ ಹೊಂದುತ್ತದೆ. ತುಂಡನ್ನು ಎರಡು ಮಾಡುವುದಕ್ಕೆ ಮುಂಚೆ ಅದರ ಒಂದು ಮುಖದ ಮೇಲೆ ಉದ್ದಕ್ಕೂ ಸೀಸದಕಡ್ಡಿಯ ಗೆರೆ ಎಳೆದು, ಕತ್ತರಿಸಿದ ಮುಖಗಳ ಕಡೆಯಿಂದಲೇ ಎರಡು ಭಾಗಗಳನ್ನೂ ಕೊರೆಯಬೇಕು. ಹಾಗೆ ಮಾಡಿದಲ್ಲಿ ಪೆನ್ನು ಸಿದ್ಧವಾದ ಮೇಲೆ ಮರದ ಎಳೆಯು ಮೇಲಿನ ಭಾಗದಿಂದ ಕೆಳಗಿನ ಭಾಗಕ್ಕೆ ತಡೆಯಿಲ್ಲದೆ ಹರಿದಂತೆ ಕಾಣುತ್ತದೆ. ಬೈರಿಗೆಯ ತಪ್ಪೇನಾದರೂ ಇದ್ದರೆ ಅದು ಹೊರತುದಿಗಳಿಗೆ ಹೋಗಿ ಸೇರುತ್ತದೆ.

ದಪ್ಪದ ಲೆಕ್ಕವು ಇಷ್ಟು ಸುಲಭವಲ್ಲ. ಪೆನ್ನಿನ ಅತಿ ದಪ್ಪ ಭಾಗವನ್ನು 11 ಮಿಲಿಮೀಟರಿಗೆ ಕಡೆಯಬೇಕೆಂದು ಇಟ್ಟುಕೊಳ್ಳೋಣ. ಹಾಗಾದರೆ 12 ಮಿಲಿಮೀಟರಿನ ಚೌಕವು ಸಾಲದೇ? ಸಾಲದು. ಕೈಬೈರಿಗೆಯಿಂದಲೋ ಸಡಿಲವಾದ ಮೇಜಿನ ಬೈರಿಗೆಯಿಂದಲೋ ಕೊರೆದಾಗ ತೂತು ನಡುವಿನಿಂದ 2 ಮಿಲಿಮೀಟರ್ ಸರಿಯುವುದು ಆಶ್ಚರ್ಯವಲ್ಲ. ಮಂಡ ಮೊನೆ, ಅವಸರದ ಒತ್ತು, ತೂತಿನಲ್ಲಿ ಸಿಕ್ಕಿಕೊಂಡ ಹೊಟ್ಟನ್ನು ಆಗಾಗ ಹೊರತೆಗೆಯದಿರುವುದು, ಓರೆಯಾದ ಎಳೆ, ಇವು ಅದರ ಕಾರಣಗಳು. 12 ಮಿಲಿಮೀಟರಿನ ತುಂಡಿನಲ್ಲಿ ನಡುವಿನಿಂದ ಮುಖಕ್ಕೆ ಇರುವ ಅಂತರ 6. ಎರಡು ಸರಿದರೆ ಉಳಿಯುವುದು 4. ಬೇಕಾದುದು ಹನ್ನೊಂದರ ಅರ್ಧವಾದ ಐದೂವರೆ. ಪೆನ್ನು ಅಲ್ಲಿಗೆ ಕೆಟ್ಟಿತು. 15 ಮಿಲಿಮೀಟರಿನ ತುಂಡಿನಲ್ಲಿ ಏಳೂವರೆಯಿಂದ ಎರಡು ಕಳೆದರೆ ಐದೂವರೆಯೇ ಉಳಿಯುತ್ತದೆ. ಲೆಕ್ಕಕ್ಕೆ ಸರಿಹೋದರೂ ಉಳಿಯು ಮೂಲೆಯನ್ನು ಹೊಡೆಯುವಾಗ ಒಂದು ಚಕ್ಕೆ ಆಳಕ್ಕೆ ಎದ್ದರೆ ಅದನ್ನು ನುಂಗಿಕೊಳ್ಳಲು ಮರವಿಲ್ಲ. ಆದುದರಿಂದ ಸೂತ್ರವನ್ನು ಹೀಗೆ ಹೇಳಬಹುದು: ಸಿದ್ಧ ಪೆನ್ನಿನ ಅತಿ ದಪ್ಪಕ್ಕೆ, ಬೈರಿಗೆ ಸರಿಯಬಹುದಾದ ಅಂತರವನ್ನೂ ಚಕ್ಕೆಗಾಗಿ ಬಿಡುವ ಒಂದೂವರೆ ಮಿಲಿಮೀಟರನ್ನೂ ಕೂಡಿಸಿ ಇಮ್ಮಡಿಸಿ ಸೇರಿಸಬೇಕು. 11ಕ್ಕೆ ಮೂರೂವರೆಯ ಇಮ್ಮಡಿಯಾದ 7 ಸೇರಿ 18 ಆಯಿತು. ದೊಡ್ಡ ಪೆನ್ನು 15 ಮಿಲಿಮೀಟರ್ ದಪ್ಪವಾದರೆ ತುಂಡು 22 ಇರಬೇಕು. ಬೈರಿಗೆಯು ತುದಿಯಲ್ಲಿ ಹೆಚ್ಚು ಸರಿಯುವುದು ನಿಜ, ಅಲ್ಲಿ ಪೆನ್ನು ಸಣ್ಣದಾಗುವುದೂ ನಿಜ. ಆದರೆ ಎಳೆಯ ಕೈಗಳು ಮೊದಲ ಗುರುತಿನಲ್ಲಿಯೇ ತಪ್ಪುವುದುಂಟಾದ್ದರಿಂದ ಅತಿ ದಪ್ಪವನ್ನೇ ಲೆಕ್ಕಕ್ಕೆ ಹಿಡಿಯುವುದು ಕ್ಷೇಮ.

ಶಿಲ್ಪಶಾಸ್ತ್ರಗಳು ಎಂಟು ಯವಗಳಿಗೆ ಒಂದು ಅಂಗುಲವೆಂದು ಹೇಳುತ್ತವೆ. ಹಳೆಯ ಬಡಗಿಗಳು ಇಂಚನ್ನೂ ಎಂಟು ನೂಲುಗಳಾಗಿ ಭಾಗಿಸುತ್ತಾರೆ. ಅವರ ಮಾತಿನಲ್ಲಿ 18 ಮಿಲಿಮೀಟರೆಂದರೆ ಆರು ನೂಲಿಗೆ ಕೂದಲೆಳೆ ಕಡಿಮೆ. ಸಾಮಿಲ್ಲಿನಲ್ಲಿ ಆರು ನೂಲೆಂದು ಹೇಳಿ ಸೀಳಿಸಿ, ಕೀಸುಳಿಯಿಂದ ಒಪ್ಪ ಮಾಡಿದರೆ ಬೇಕಾದ ಅಳತೆಯು ಬರುತ್ತದೆ.

ಕೆಲವರು "ದಪ್ಪವಿದ್ದಷ್ಟೂ ಒಳ್ಳೆಯದಲ್ಲವೇ, ಒಂದಿಂಚೇ ಇರಲಿ" ಎನ್ನುವುದುಂಟು. ಮೇಲೆ ಹೇಳಿದ ದಾನದ ಕಂಬವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಹೊರಮೈಯನ್ನು ಕೆತ್ತಿ, ಮೊಳೆಗಳನ್ನು ಕಿತ್ತ ಮೇಲೆ ಅದು 150 ಮಿಲಿಮೀಟರ್ ಚೌಕ, ಒಂದೂವರೆ ಮೀಟರ್ ಉದ್ದ ಉಳಿದಿದೆಯೆಂದು ಭಾವಿಸಿದರೆ, ಗರಗಸದ ದಾರಿ ಮೂರರಂತೆ ಬಿಟ್ಟು, 127ರ ಉದ್ದವನ್ನು 130ಕ್ಕೆ ಏರಿಸಿ ಕತ್ತರಿಸಿದಲ್ಲಿ ಉದ್ದಕ್ಕೆ 11 ತುಂಡುಗಳು ಬರುತ್ತವೆ. 25 ಮಿಲಿಮೀಟರಿಗೆ ಸೀಳಿದರೆ ಅಡ್ಡಕ್ಕೆ ಐದು ಸಾಲು, ಐದೈದಲಿ ಇಪ್ಪತ್ತೈದು. ಒಟ್ಟು 275 ಪೆನ್ನು. 20ಕ್ಕೆ ಸೀಳಿದರೆ ಆರು ಸಾಲು, ಒಟ್ಟು 396. 18ಕ್ಕೆ ಸೀಳಿದರೆ ಏಳು ಸಾಲು, ಒಟ್ಟು 539. ಏಳು ಮಿಲಿಮೀಟರಿನ ಔದಾರ್ಯಕ್ಕೆ ತೆರುವ ಬೆಲೆ 264 ಪೆನ್ನು! ಒಂದು ಶಾಲೆಯ ಎಷ್ಟೋ ತರಗತಿಗಳ ಮಕ್ಕಳಿಗೆ ತಲೆಗೊಂದರಂತೆ ಹಂಚಬಹುದಾದ ಮರವು ಹೊಟ್ಟಾಗಿ ಗುಡಿಸಿಹೋಗುತ್ತದೆ. 18 ಮಿಲಿಮೀಟರಿನ ತುಂಡಿನಲ್ಲಿಯೂ ತೂತು ಕಳೆದು ಕೊನೆಗೆ ಪೆನ್ನಿನಲ್ಲಿ ಉಳಿಯುವ ಮರವು ನೂರಕ್ಕೆ 17 ಪಾಲಿಗಿಂತಲೂ ಕಡಿಮೆ. ಹಾಗೆಂದು 15ಕ್ಕೆ ಇಳಿಯುವುದೂ ವಿವೇಕವಲ್ಲ. ಕೆಟ್ಟ ತುಂಡಿನ ಜೊತೆಗೆ ಹಿತ್ತಾಳೆ ಕೊಳವೆಯೂ ಅಂಟೂ ಹಾಳಾಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಎರಡು ಗಂಟೆ ಕಷ್ಟಪಟ್ಟ ಬಾಲಕನ ಕೈಯಲ್ಲಿ ಹಿತ್ತಾಳೆ ಕಾಣುವ ಕಡ್ಡಿಯೊಂದು ಉಳಿಯುತ್ತದೆ. ಅವನು ಮರುವಾರ ಲೇತಿನ ಹತ್ತಿರ ಬರಲು ಹಿಂಜರಿದರೆ ಆಶ್ಚರ್ಯವೇನು? ಬೈರಿಗೆಯನ್ನು ಸರಿಪಡಿಸುವುದೇ ನಿಜವಾದ ಮಿತವ್ಯಯ. ಲೇತಿಗೇ ತುಂಡನ್ನು ಹಿಡಿಸಿ, ತಿರುಗುವ ಮರಕ್ಕೆ ತಿರುಗದ ಬೈರಿಗೆಯನ್ನು ಒತ್ತಿ ಕೊರೆದರೆ ಸರಿಯುವ ಅಂತರವು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಆಗ ಸೂತ್ರದ ಪ್ರಕಾರ 15 ಮಿಲಿಮೀಟರೇ ಸಾಕು. ಮರವನ್ನು ಉಳಿಸಬೇಕೆನ್ನುವ ದಾನಿಗಳು ಕೆಲವೊಮ್ಮೆ ಮರಕ್ಕೆ ಬದಲು ಒಳ್ಳೆಯ ಬೈರಿಗೆಯನ್ನು ಕೊಡಿಸುವುದು ಲೇಸು.

ಕಂಬದ ನಟ್ಟನಡುವೆ ಮರದ ತಿರುಳು ಹಾದಿದ್ದರೆ ಆ ಸಾಲಿನ ತುಂಡುಗಳನ್ನು ತೆಗೆದಿಡಬೇಕು, ಏಕೆಂದರೆ ತಿರುಳಿನ ಸುತ್ತಲೇ ಬಿರುಕು ಹುಟ್ಟುತ್ತದೆ. ಏಳು ಸಾಲುಗಳಲ್ಲಿ ಸೀಳಿದಾಗ ಹೀಗೆ ಕಳೆದುಹೋಗುವುದು ನಡುವಿನ 11 ತುಂಡುಗಳಷ್ಟೆ. ತಿರುಳಿನ ಆಚೆಯ ಬಲಿತ ಭಾಗವೇ ಕೆಚ್ಚು. ಧೈರ್ಯವಂತನನ್ನು ಕೆಚ್ಚೆದೆಯವನೆಂದು ಕರೆಯುವುದು ಇದರ ಮೇಲಿಂದಲೇ. ಇದರ ಹೊರಗಿನ ಬಿಳಿ ಭಾಗವು ಹುಳುವಿಗೆ ಬೇಗ ತುತ್ತಾಗುತ್ತದೆ. ಅರ್ಧ ಕೆಚ್ಚು ಅರ್ಧ ಬಿಳಿಯಿರುವ ತುಂಡು ನೋಟಕ್ಕೆ ಸೊಗಸಾದರೂ ಎರಡರ ಗಡಸುತನ ಬೇರೆಯಾದ್ದರಿಂದ ಬೈರಿಗೆಯು ಮೆತ್ತನೆಯ ಕಡೆಗೆ ವಾಲುತ್ತದೆ. ಅಂಥದಕ್ಕೆ 20ಕ್ಕೆ ಕಡಿಮೆಯಿಲ್ಲದ ದಪ್ಪ ಬೇಕು. ಗಂಟುಗಳಿಗೂ ಓರೆಯಾಗಿ ಸೀಳಿದ ತುಂಡುಗಳಿಗೂ ಇದೇ ನಿಯಮ.

ಅಳತೆಯು ಸರಿಯಿದ್ದರೂ ಪೆನ್ನನ್ನು ಕೆಡಿಸುವ ಇನ್ನೊಂದು ಶತ್ರುವೆಂದರೆ ಹಸಿತನ. ಮರವು ಒಣಗುವಾಗ ಉದ್ದದಲ್ಲಿ ಬಹುಮಟ್ಟಿಗೆ ಕುಗ್ಗುವುದಿಲ್ಲ, ಅಡ್ಡದಲ್ಲಿ ಕುಗ್ಗುತ್ತದೆ. ಅದರಲ್ಲಿಯೂ ಬೆಳವಣಿಗೆಯ ಬಳೆಗಳ ಜಾಡಿನಲ್ಲಿ ಕುಗ್ಗುವುದು ತಿರುಳಿನಿಂದ ತೊಗಟೆಯ ದಿಕ್ಕಿನಲ್ಲಿ ಕುಗ್ಗುವುದಕ್ಕಿಂತ ಸಾಮಾನ್ಯವಾಗಿ ಇಮ್ಮಡಿಯಷ್ಟು. ಆದ್ದರಿಂದ ಹಸಿ ಮರದಲ್ಲಿ ಕೊರೆದ ದುಂಡು ತೂತು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಒಳಗೆ ಹಿತ್ತಾಳೆ ಕೊಳವೆಯಿದ್ದರೆ ಅದು ಕುಗ್ಗಲು ಬಿಡುವುದಿಲ್ಲ, ಮರವು ಸೀಳುತ್ತದೆ. ತೆಳು ಪೆನ್ನಿನ ತುದಿಯಲ್ಲಿ ವ್ಯಾಸವು ಸುಮಾರು 8.3 ಮಿಲಿಮೀಟರ್. ಅದರಲ್ಲಿ ಕೊಳವೆಯ 7 ಹೋದರೆ ಮರದ ಗೋಡೆಯು ಒಂದೊಂದು ಕಡೆಗೆ 0.65 ಮಿಲಿಮೀಟರ್, ಅಂಚೆ ಕಾರ್ಡನ್ನು ಮೂರು ನಾಲ್ಕು ಪದರ ಇಟ್ಟಷ್ಟು. ಶಿವಮೊಗ್ಗದ ಆಷಾಢದ ಹವೆಯಲ್ಲಿ ಕಡೆದ ಪೆನ್ನು ಬಳ್ಳಾರಿಯ ಬಂಧುವಿನ ಜೇಬಿನಲ್ಲಿ ಚೈತ್ರ ವೈಶಾಖಗಳ ಬಿಸಿಲನ್ನು ಕಂಡಾಗ ಬಿರುಕು ಬಿಡುವುದು ಆ ತುದಿಯಲ್ಲಿಯೇ. ಹಳೆಯ ಮನೆಯ ಮರದ ದೊಡ್ಡ ಗುಣವೆಂದರೆ ಅದು ತಲೆಮಾರುಗಳ ಕಾಲ ಒಲೆಯ ಹೊಗೆಯಲ್ಲಿ ಒಣಗಿರುವುದು. ಹೊಸ ಮರವಾದರೆ ಬೇಕಾದ ಅಳತೆಗಿಂತ 2 ಮಿಲಿಮೀಟರ್ ಹೆಚ್ಚಿಗೆ ಸೀಳಿ, ತುದಿಗಳಿಗೆ ಕರಗಿಸಿದ ಮೇಣವನ್ನು ಬಳಿದು, ಗಾಳಿಯಾಡುವಂತೆ ಅಡ್ಡಪಟ್ಟಿಗಳನ್ನಿಟ್ಟು ಅಟ್ಟದ ಮೇಲೆ ಪೇರಿಸಬೇಕು. ಬಿಸಿಲಿಗೆ ಇಡಕೂಡದು. ಒಣಗಿತೇ ಇಲ್ಲವೇ ಎಂಬುದನ್ನು ಅಂದಾಜಿಗೆ ಬಿಡಬೇಕಾಗಿಲ್ಲ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಟ್ಟರೆ, ತೂಕವು ಇಳಿಯುವುದು ನಿಂತ ದಿನವೇ ಉತ್ತರವು ಸಿಕ್ಕುತ್ತದೆ. ಮಳೆಗಾಲದಲ್ಲಿ ಆ ಉತ್ತರವನ್ನು ನಂಬಬಾರದು. ಬೇಸಗೆಯ ತೂಕವೇ ಪ್ರಮಾಣ.

ಕರ್ನಾಟಕದಲ್ಲಿ ಕಡೆತದ ಕೆಲಸಕ್ಕೆ ಹೆಸರಾದ ಊರು ಚನ್ನಪಟ್ಟಣ. ಅಲ್ಲಿಯ ಅರಗುಬಣ್ಣದ ಗೊಂಬೆಗಳು 2005–06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದವು. ಗೊಂಬೆಗಳ ಜೊತೆಗೆ ಅರಗಿನ ಬಣ್ಣದ ಪೆನ್ನುಗಳೂ ಪೆನ್ನಿನ ನಿಲುವುಗಳೂ ಅಲ್ಲಿ ತಯಾರಾಗುತ್ತವೆ. ಅವರು ನೆಚ್ಚಿದ ಮರಕ್ಕೆ ಸ್ಥಳದಲ್ಲಿ ಆಲೆ ಮರವೆಂದು ಹೆಸರು. ಈ ಹೆಸರಿನಲ್ಲಿ ಕನ್ನಡ ಭಾಷೆಯ ಚರಿತ್ರೆಯೇ ಅಡಗಿದೆ. ಹಾಲು ಸುರಿಸುವ ಮರವು ಹಾಲೆ. ಹಳಗನ್ನಡದ ಪಕಾರವು ಹೊಸಗನ್ನಡದಲ್ಲಿ ಹಕಾರವಾಗುವ ನಿಯಮದಂತೆ ಇದರ ಮೂಲರೂಪ ಪಾಲೆ. ಆಡುಮಾತಿನಲ್ಲಿ ಹಕಾರವೂ ಉದುರಿ ಆಲೆಯಾಯಿತು. ಇದೇ ಮರಕ್ಕೆ ಬೆಪ್ಪಾಲೆಯೆಂಬ ಹೆಸರೂ ಇದ್ದು, ಅದನ್ನು ಬೆಳ್ ಎಂಬುದಕ್ಕೆ ಪಾಲೆ ಸೇರಿದುದೆಂದು ಬಿಡಿಸಬಹುದು. ಬೇರೆಡೆ ಸತ್ತ ಪಕಾರವು ಈ ಸಮಾಸದಲ್ಲಿ ಬದುಕಿಕೊಂಡಿದೆ. ಹೆಸರಿಗೆ ತಕ್ಕಂತೆ ಮರವು ಬೆಳ್ಳಗೆ, ಎಳೆ ನವುರು, ಉಳಿಗೆ ಮೃದು. ಬಣ್ಣವು ಅದರ ಮೇಲೆ ಶುಭ್ರವಾಗಿ ಕೂರುತ್ತದೆ. ಚನ್ನಪಟ್ಟಣದವರು ಅದನ್ನು ಕೆಲವು ತಿಂಗಳು ಒಣಗಿಸಿ, ಮಾಡುವ ವಸ್ತುವಿಗೆ ಸಮೀಪದ ದಪ್ಪವುಳ್ಳ ತುಂಡನ್ನು ಆರಿಸಿ, ಅದರ ಒಂದು ತುದಿಯನ್ನು ಲೇತಿನ ಟೊಳ್ಳು ಬಾಯಿಗೆ ಬಡಿದು ಕೂರಿಸುತ್ತಾರೆ. ಹೀಗೆ ಬಾಯಿಯೊಳಗೆ ಹಿಡಿದ ಭಾಗವು ವಸ್ತುವಿಗೆ ದಕ್ಕುವುದಿಲ್ಲ; ಉದ್ದದ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು. ಹಿತ್ತಾಳೆ ಕೊಳವೆಯ ಪದ್ಧತಿಗೂ ಈ ಪದ್ಧತಿಗೂ ಇದೇ ಮುಖ್ಯ ಭೇದ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಕಾವಿಗೆ ಅರಗು ಕರಗಿ ಹರಡುತ್ತದೆ. ಬಳಿಕ ತಾಳೆಗರಿಯಿಂದ ತಿಕ್ಕಿ ಹೊಳಪು ಬರಿಸುತ್ತಾರೆ. ಇಲ್ಲಿ ತಾಳೆಯೆಂದರೆ ಕೇದಗೆಯ ಜಾತಿಯ ಗಿಡ, ಓಲೆ ಬರೆದ ತಾಳೆಯಲ್ಲ.

ಮಲೆನಾಡಿನ ಮರಗಳಲ್ಲಿ ಪೆನ್ನಿಗೆ ಒಗ್ಗುವವು ಅನೇಕ. ತೇಗವು ಒಣಗಿದ ಮೇಲೆ ಅಲುಗದ ಮರ. ಆದರೆ ಅದರ ಸಹಜವಾದ ಎಣ್ಣೆಯಂಶವು ಅಂಟನ್ನು ಬೇಗ ಹಿಡಿಯಗೊಡದು, ತೂತನ್ನು ಚೆನ್ನಾಗಿ ಒರಸಬೇಕು. ಹಲಸು ಹಳದಿಯಿಂದ ಹೊನ್ನಿನ ಬಣ್ಣಕ್ಕೆ ಮಾಗುತ್ತದೆ. ಹುಣಿಸೆಯ ಕೆಚ್ಚು ಬಲು ಗಡುಸು. ಕೊರೆಯುವಾಗ ಕಾವು ಏರಿ ಬಿರುಕು ಬಿಡುವ ಭಯವಿದೆ, ನಿಲ್ಲಿಸಿ ನಿಲ್ಲಿಸಿ ಕೊರೆಯಬೇಕು. ತೋಟಗಳಲ್ಲಿ ಕಿತ್ತು ಎಸೆಯುವ ಕಾಫಿಗಿಡದ ಕಾಂಡವು ದಟ್ಟವಾದ ಎಳೆಯ ಬಿಳಿಯ ಮರ. ದಪ್ಪವು ಕಡಿಮೆಯಾದರೂ 18 ಮಿಲಿಮೀಟರಿಗೆ ಎಷ್ಟೋ ಬಾರಿ ಸಾಕಾಗುತ್ತದೆ.

ಇನ್ನು ಕೊಳವೆಯ ಹಂಗಿಲ್ಲದೆ ಕಡೆಯುವ ಶಾಯಿ ಪೆನ್ನಿನ ಸಂಗತಿ. ಗೋದಾವರಿ ತೀರದ ರಾಜಮಹೇಂದ್ರಿಯಲ್ಲಿ ಕೆ. ವಿ. ರತ್ನಂ ಅವರು 1930ರ ದಶಕದಲ್ಲಿ ಸ್ವದೇಶಿ ಪೆನ್ನನ್ನು ಕೈಯಿಂದ ಕಡೆದು ಗಾಂಧೀಜಿಯವರ ಮೆಚ್ಚುಗೆಯ ಪತ್ರವನ್ನು ಪಡೆದುದು ಪ್ರಸಿದ್ಧವಾಗಿದೆ. ಅಂಥ ಪೆನ್ನುಗಳ ದ್ರವ್ಯ ಎಬೊನೈಟ್. ರಬ್ಬರಿಗೆ ಗಂಧಕವನ್ನು ಧಾರಾಳವಾಗಿ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ಕಪ್ಪು ಪದಾರ್ಥ. ಇದಕ್ಕೆ ಎಳೆಯಿಲ್ಲ, ತಿರುಳಿಲ್ಲ, ಋತುವಿನೊಡನೆ ಕುಗ್ಗುವ ಚಾಳಿಯಿಲ್ಲ. ದುಂಡು ಸರಳಾಗಿಯೇ ಬರುವುದರಿಂದ ಮೂಲೆ ಹೊಡೆಯುವ ಕೆಲಸವೂ ಇಲ್ಲ. ಹೀಗಾಗಿ ಸಿದ್ಧ ವ್ಯಾಸಕ್ಕಿಂತ ತುಸುವೇ ಹೆಚ್ಚಿನ ಸರಳು ಸಾಕು. ಆದರೆ ಒಡಲು, ಮುಚ್ಚಳ, ಮುಳ್ಳನ್ನು ಹಿಡಿಯುವ ಕತ್ತು ಎಂಬ ಮೂರು ಭಾಗಗಳಿಗೂ ತಿರುಪಿನ ಗೆರೆಗಳನ್ನು ಕೊರೆಯಬೇಕಾಗಿರುವುದರಿಂದ ಒಡಲಿಗಿಂತ ಮುಚ್ಚಳಕ್ಕೆ ದಪ್ಪ ಸರಳನ್ನು ಬೇರೆಯಾಗಿ ತೆಗೆದಿಡುವುದೇ ಮಿತವ್ಯಯ. 1936ರಲ್ಲಿ ಸ್ಥಾಪಿತವಾಗಿ ದಶಕಗಳ ಕಾಲ ಬರವಣಿಗೆಯ ಕಾಗದವನ್ನು ಒದಗಿಸಿ ಈಗ ಉತ್ಪಾದನೆಯನ್ನು ನಿಲ್ಲಿಸಿರುವ ಭದ್ರಾವತಿಯ ಕಾಗದದ ಕಾರ್ಖಾನೆಯನ್ನು ನೆನೆದಾಗ, ಕಾಗದ ಹುಟ್ಟಿದ ಸೀಮೆಯಲ್ಲಿ ಪೆನ್ನೇಕೆ ಹುಟ್ಟಲಿಲ್ಲವೆಂದು ಯಾರಿಗಾದರೂ ತೋರಬಹುದು.

ಮರವನ್ನು ದಾನವಾಗಿ ಸ್ವೀಕರಿಸುವಾಗ ಕಾನೂನಿನ ಕಡೆಗೂ ಲಕ್ಷ್ಯವಿರಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ವೃಕ್ಷ ಸಂರಕ್ಷಣಾ ಕಾಯ್ದೆಗಳ ಕೆಳಗೆ ಮರ ಕಡಿಯುವುದಕ್ಕೂ ಸಾಗಿಸುವುದಕ್ಕೂ ಅನುಮತಿ, ರಹದಾರಿಗಳ ನಿಯಮಗಳಿವೆ. 2001ರ ತಿದ್ದುಪಡಿಯಿಂದ ಶ್ರೀಗಂಧದ ಮರದ ಒಡೆತನವು ಜಮೀನಿನವನಿಗೆ ಬಂದಿತಾದರೂ ಕಡಿತ ಸಾಗಣೆಗಳ ಕಟ್ಟುಪಾಡು ತಪ್ಪಿಲ್ಲ. ಬೀಟೆಯ ಕುಲದ ಮರಗಳು 2017ರಿಂದ ಅಂತರರಾಷ್ಟ್ರೀಯ ವ್ಯಾಪಾರದ ನಿಯಂತ್ರಣಪಟ್ಟಿಗೆ ಸೇರಿವೆ. ವಿದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಬೀಟೆಯ ಪೆನ್ನುಗಳನ್ನು ಕಳುಹಿಸಬಯಸುವವರು ಮೊದಲು ನಿಯಮಗಳನ್ನು ವಿಚಾರಿಸುವುದು ಒಳ್ಳೆಯದು. ಪರದೇಶದ ಪುಸ್ತಕಗಳಲ್ಲಿ ಜಿಂಕೆಯ ಕೊಂಬಿನ ಪೆನ್ನುಗಳ ಚಿತ್ರಗಳಿರುತ್ತವೆ. ಕಾಡಿನಲ್ಲಿ ತಾನಾಗಿ ಉದುರಿದ ಕೊಂಬೇ ಆದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದರ ವ್ಯವಹಾರವು ಭಾರತದಲ್ಲಿ ಅಪರಾಧ. ಮಕ್ಕಳು ತಂದುಕೊಟ್ಟರೂ ಮುಟ್ಟಬಾರದು.

ಕೊನೆಯದಾಗಿ ಸಣ್ಣ ತುಂಡುಗಳ ಮಾತು. ಕಂಬವನ್ನು ಸೀಳಿದಾಗ ಐದಿಂಚಿಗೆ ಸಾಲದೆ ಉಳಿದ ಚೂರುಗಳನ್ನು ಒಲೆಗೆ ಹಾಕುವ ಅವಸರ ಬೇಡ. 62 ಮಿಲಿಮೀಟರ್ ಇದ್ದರೆ ಅರ್ಧ ಪೆನ್ನಿಗೆ ಸಾಕು. ಕೆಳಗಿನ ಭಾಗ ಹಲಸು, ಮೇಲಿನ ಭಾಗ ತೇಗವಾಗಿ ಎರಡು ಬಣ್ಣದ ಪೆನ್ನು ಸಿದ್ಧವಾಗುತ್ತದೆ. ಒಂದೇ ತುಂಡಿನ ಎರಡು ಅರ್ಧಗಳು ಅಗಲದಂತೆ ದಾರದಿಂದ ಕಟ್ಟಿ, ಮರದ ಹೆಸರನ್ನೂ ಸೀಳಿದ ತಿಂಗಳನ್ನೂ ಕಂಬವು ಬಂದ ಮನೆಯ ಊರನ್ನೂ ಚೀಟಿಯಲ್ಲಿ ಬರೆದು ಅಂಟಿಸಿಡಬೇಕು. ಆ ಚೀಟಿಯನ್ನು ತುದಿಯ ಮೇಣದ ಮೇಲೆ ಅಂಟಿಸಿದರೆ ನಿಲ್ಲದು. ಪಕ್ಕದ ಮುಖಕ್ಕೆ ಅಂಟಿಸತಕ್ಕದ್ದು.